ಊರ ಹೆಸರಿಲ್ಲದ ಪೈಲ್ವಾನ

2021ರ ಜುಲೈ 26ರಂದು ಟೋಕಿಯೊದಲ್ಲಿ ರಷ್ಯಾದ ಮಕ್ಸಿಮ್ ಖ್ರಮ್ತ್ಸೊವ್ ಟೇಕ್ವಾಂಡೋದ 80 ಕೆಜಿ ವಿಭಾಗದಲ್ಲಿ ಚಿನ್ನ ಗೆದ್ದ. ಫೈನಲ್‌ನಲ್ಲಿ ಜೋರ್ಡಾನಿನ ಸ್ಪರ್ಧಿಯನ್ನು 20–9ರಿಂದ ಸೋಲಿಸಿದ. ಅದೂ ಮುರಿದ ಕೈ ಇಟ್ಟುಕೊಂಡು. ಒಲಿಂಪಿಕ್ಸ್ ಟೇಕ್ವಾಂಡೋದಲ್ಲಿ ರಷ್ಯಾದವರೊಬ್ಬರಿಗೆ ಅದೇ ಮೊದಲ ಚಿನ್ನ. ಆದರೆ ಅದು ರಷ್ಯಾಕ್ಕೆ ಬಂತು ಎನ್ನುವ ಹಾಗಿರಲಿಲ್ಲ. ಉದ್ದೀಪನ ಮದ್ದಿನ ಹಗರಣದಲ್ಲಿ ಮಾಸ್ಕೋ ಪ್ರಯೋಗಾಲಯದ ದಾಖಲೆಗಳನ್ನೇ ತಿದ್ದಿದ್ದಕ್ಕಾಗಿ ಆ ದೇಶದ ಹೆಸರು, ಬಾವುಟ, ರಾಷ್ಟ್ರಗೀತೆ ಮೂರಕ್ಕೂ ನಿಷೇಧವಿತ್ತು. ಪದಕ ಹಾಕಿಸಿಕೊಂಡು ನಿಂತವನಿಗೆ ಚೈಕೋವ್ಸ್ಕಿಯ ಪಿಯಾನೋ ಸಂಗೀತ ಕೇಳಿಸಿದರು. ಮರುದಿನ ವ್ಲಾದಿಸ್ಲಾವ್ ಲಾರಿನ್ ಗೆದ್ದಾಗಲೂ ಅದೇ ಸಂಗೀತ.

ಯಾವಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಇದನ್ನು ನೋಡುವಾಗ ನನಗೆ ಹಳೆಯದೊಂದು ಕುಸ್ತಿ ನೆನಪಾಯಿತು.

ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಮಲಪ್ರಭೆಯ ಸಾಲಿನ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ಹಿಂದಿನ ವರ್ಷ ಪಕ್ಕದೂರಿನವರು ಪಂಚರ ತೀರ್ಪು ಒಪ್ಪದೆ ಕಣಕ್ಕೆ ನುಗ್ಗಿ ಹೊಡೆದಾಡಿದ್ದರಂತೆ. ಈ ಸಲ ಆ ಊರಿನ ಪೈಲ್ವಾನರನ್ನು ಆಡಿಸುವುದಿಲ್ಲ ಎಂದು ಜಾತ್ರೆಯ ಕಮಿಟಿ ತೀರ್ಮಾನಿಸಿತ್ತು. ಆದರೂ ಅಲ್ಲಿನ ಹುಡುಗನೊಬ್ಬ ಲಂಗೋಟಿ ಕಟ್ಟಿಕೊಂಡು ಬಂದು ನಿಂತ. ಗಲಾಟೆಯ ದಿನ ಅವನು ಬಂದೇ ಇರಲಿಲ್ಲ. ಹಿರಿಯರು ಬಹಳ ಹೊತ್ತು ಮಾತಾಡಿ ಕಡೆಗೆ ಹೇಳಿದರು: "ಆಡ್ಲಿ. ಆದ್ರ ಮೈಕಿನ್ಯಾಗ ಊರ ಹೆಸರು ಹೇಳಂಗಿಲ್ಲ."

ಕುಸ್ತಿ ನೋಡಿ ಬೆಳೆದವರಿಗೆ ಇದು ಎಂಥ ಶಿಕ್ಷೆ ಅಂತ ಗೊತ್ತು. ನಮ್ಮ ಕಡೆ ಪೈಲ್ವಾನನಿಗೆ ಅಪ್ಪನ ಹೆಸರಿಗಿಂತ ಊರಿನ ಹೆಸರು ಮೊದಲು. ಹುಡುಗ ಗೆದ್ದ. ಬೆಳ್ಳಿ ಕಡಗ ತೊಡಿಸಿದರು. ಚಪ್ಪಾಳೆಯೂ ಬಿತ್ತು, ಆದರೆ ಯಾರನ್ನು ಹೊಗಳಬೇಕೆಂದು ತಿಳಿಯದ ಚಪ್ಪಾಳೆ.

"ಅವನದೇನ್ ತಪ್ಪು, ಅಪ್ಪಾ?" ಎಂದೆ.

"ಅವ ಕುಡದ ಹಾಲು, ತಿಂದ ಬದಾಮಿ ಯಾರ ಮನೀವು, ಅದನ್ನ ಕೇಳು," ಎಂದರು ಅಪ್ಪ.

ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಪೈಲ್ವಾನನನ್ನು ಸಾಕುವುದು ಊರು. ಖ್ರಮ್ತ್ಸೊವ್‌ನಂಥವರನ್ನು ಸಾಕುವುದು ದೇಶ. ಗೆಲುವಿನಲ್ಲಿ ಊರಿಗೆ ಪಾಲಿದ್ದರೆ ಊರಿನ ತಪ್ಪಿನಲ್ಲಿ ಅವನಿಗೂ ಪಾಲಿಲ್ಲವೇ? ಬಹಳ ದಿನ ನಾನು ಈ ಲೆಕ್ಕಕ್ಕೆ ಉತ್ತರ ಸಿಗದೆ ಒದ್ದಾಡಿದ್ದೇನೆ. ಅಪ್ಪ ಋಣವನ್ನೂ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದರು ಎಂದು ಈಗ ತೋರುತ್ತದೆ. ಹಾಲು ಕುಡಿದವನಿಗೆ ಊರಿನ ಋಣವಿದೆ, ಖಂಡಿತ. ಹೊಡೆದಾಟಕ್ಕೆ ಮಾತ್ರ ಅವನನ್ನು ಯಾರೂ ಕೇಳಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಶುರುವಾಯಿತು. ಮರುವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೊಸ ಷರತ್ತು ಮುಂದಿಟ್ಟಿತು: ರಷ್ಯಾದವರು ತಟಸ್ಥರಾಗಿ ಆಡಬಹುದು, ಆದರೆ ಯುದ್ಧವನ್ನು ಬೆಂಬಲಿಸುವವರು, ಸೇನೆಯೊಂದಿಗೆ ಒಪ್ಪಂದವಿರುವವರು ಬರುವಂತಿಲ್ಲ. ಇದು ಮೊದಲಿನದಕ್ಕಿಂತ ನ್ಯಾಯವಾದದ್ದು. ಈಗ ಕೇಳುತ್ತಿರುವುದು 'ಯಾವ ಊರು' ಎಂದಲ್ಲ, 'ನೀನೇನು ಮಾಡಿದೆ' ಎಂದು. ಆದರೆ ಬಾಯಿ ಬಿಡದೆ ಕೂತವನನ್ನು ಏನೆನ್ನೋಣ? ಅವನ ಮೌನ ಒಪ್ಪಿಗೆಯೋ ಹೆದರಿಕೆಯೋ? ನಮ್ಮ ಓಣಿಯಲ್ಲಿ ಕಣ್ಣೆದುರೇ ಅನ್ಯಾಯ ನಡೆದಾಗ ಬಾಗಿಲು ಮುಂದೆ ಮಾಡಿಕೊಂಡವನು ನಾನು. ಆ ತಕ್ಕಡಿ ಹಿಡಿಯಲು ನನ್ನ ಕೈ ನಡುಗುತ್ತದೆ.

ಇನ್ನೊಂದು ಮಾತೂ ಒಪ್ಪಿಕೊಳ್ಳಬೇಕು. 2023ರಲ್ಲಿ ನಮ್ಮ ಕುಸ್ತಿ ಫೆಡರೇಷನ್ ಸಕಾಲಕ್ಕೆ ಚುನಾವಣೆ ನಡೆಸದೆ ಅಮಾನತಾಗಿ, ಬೆಲ್‌ಗ್ರೇಡಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂತಿಮ್ ಪಂಘಾಲ್ ಭಾರತದ ಬಾವುಟವಿಲ್ಲದೆ ಆಡಿ ಕಂಚು ಗೆದ್ದಳು. ಎರಡು ತಪ್ಪುಗಳ ತೂಕ ಒಂದೇ ಅಲ್ಲ, ನಿಜ. ಆದರೂ 'ಪಾಪ, ಈ ಹುಡುಗಿ ಏನು ಮಾಡಿದ್ದಳು' ಎಂದು ಆ ದಿನ ನನ್ನ ಬಾಯಿಗೆ ಬಂದಷ್ಟು ಬೇಗ ಖ್ರಮ್ತ್ಸೊವ್‌ನ ವಿಷಯದಲ್ಲಿ ಬಂದಿರಲಿಲ್ಲ.

ಜಾತ್ರೆಯಿಂದ ಹೊರಡುವ ಮುಂಚೆ ಮಿರ್ಚಿ ಅಂಗಡಿಯ ಮುಂದೆ ಆ ಹುಡುಗ ಮತ್ತೆ ಕಂಡ. ಮೈಗೆ ಮೆತ್ತಿದ್ದ ಕಣದ ಮಣ್ಣು ಇನ್ನೂ ಹೋಗಿರಲಿಲ್ಲ. ಅಂಗಡಿಯ ಅಜ್ಜಿ ಕಡಗ ನೋಡಿ, "ಯಾವೂರ ಪೈಲ್ವಾನ ಯಪ್ಪಾ ನೀನು?" ಎಂದು ಕೇಳಿದಳು. ಅವನು ಒಮ್ಮೆ ಅತ್ತಿತ್ತ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಊರಿನ ಹೆಸರು ಹೇಳಿದ.