ಗಾದೆಯ ಮಾತಿಗೆ ಹೊಣೆ ಯಾರು

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದೂ ಒಂದು ಗಾದೆಯೇ. ಗಾದೆ ನಿಜವೆನ್ನಲು ಗಾದೆಯೇ ಸಾಕ್ಷಿ ನುಡಿಯುವ ಈ ಮಾತನ್ನು ಕನ್ನಡಿಗರು ಶಾಲೆಯಲ್ಲೇ ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ 'ಗಾದೆಗಳು ವೇದಗಳಿಗೆ ಸಮಾನ' ಎಂದು ಶುರುಮಾಡುವುದು ರೂಢಿ. ಗಾದೆಯನ್ನು ವಿಸ್ತರಿಸಲು ಹೇಳುತ್ತಾರೆಯೇ ಹೊರತು ಒರೆಗೆ ಹಚ್ಚಲು ಹೇಳುವುದಿಲ್ಲ. ವೇದಕ್ಕೆ ಸಮಾನವೆಂಬ ಈ ಪಟ್ಟ ಗಾದೆಗೆ ಎಲ್ಲಿಂದ ಬಂತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಭಾರತೀಯ ದರ್ಶನಗಳು ಇದನ್ನು ಪ್ರಮಾಣದ ಪ್ರಶ್ನೆಯಾಗಿ ಚರ್ಚಿಸಿವೆ. ಮೀಮಾಂಸಕರ ಪ್ರಕಾರ ವೇದ ಅಪೌರುಷೇಯ, ಅದಕ್ಕೆ ಕರ್ತೃವಿಲ್ಲ. ಕರ್ತೃವೇ ಇಲ್ಲದ ಮೇಲೆ ಕರ್ತೃವಿನ ಅಜ್ಞಾನ, ಮೋಸ, ಪಕ್ಷಪಾತಗಳು ಅದರೊಳಗೆ ನುಸುಳುವಂತಿಲ್ಲ. ನೈಯಾಯಿಕರ ದಾರಿ ಬೇರೆ. ಮಾತು ಪ್ರಮಾಣವಾಗಬೇಕಾದರೆ ಅದನ್ನು ಆಡಿದವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಇದ್ದಂತೆ ಕಂಡವನೂ ಕಂಡಂತೆ ತಿಳಿಸಬೇಕೆಂಬ ಮನಸ್ಸುಳ್ಳವನೂ ಆಗಿರಬೇಕು. ಈ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಒಂದೇ ಎಂದು ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಬರೆದಿದ್ದಾನೆ. ಇಂಥವರು ಹೇಳಿದರೆಂದು ಹೆಸರಿಸಲಾಗದೆ, ಬಾಯಿಂದ ಬಾಯಿಗೆ ಬಂದ ಮಾತಿಗೆ ಅವರಿಟ್ಟ ಹೆಸರು ಐತಿಹ್ಯ. ಈ ಆಲದ ಮರದಲ್ಲಿ ಯಕ್ಷನಿದ್ದಾನೆ ಎಂದು ಊರವರು ಹೇಳಿಕೊಂಡು ಬಂದದ್ದು ಅದಕ್ಕೆ ಶಾಸ್ತ್ರಗಳು ಕೊಡುವ ಹಳೆಯ ಉದಾಹರಣೆ. ಪೌರಾಣಿಕರು ಐತಿಹ್ಯವನ್ನು ಸ್ವತಂತ್ರ ಪ್ರಮಾಣವೆಂದು ಎಣಿಸಿದರು. ನ್ಯಾಯಸೂತ್ರ ಅದಕ್ಕೆ ಬೇರೆ ಸ್ಥಾನ ಕೊಡದೆ ಶಬ್ದದೊಳಗೇ, ಅಂದರೆ ಆಪ್ತರ ಮಾತೆಂಬ ಪ್ರಮಾಣದೊಳಗೇ, ಸೇರಿಸಿತು. ಹಾಗೆ ಸೇರಿದ ಮೇಲೆ ಅದೂ ಆಪ್ತತೆಯ ಪರೀಕ್ಷೆಗೆ ಒಳಗಾಗಲೇಬೇಕು.

ಗಾದೆಯ ಬಲವಿರುವುದು ಇಲ್ಲೇ. ಅದನ್ನು ಮೊದಲು ಆಡಿದವರು ಯಾರೆಂದು ಗೊತ್ತಿಲ್ಲ, ಆದ್ದರಿಂದ ಅದು ಎಲ್ಲರ ಮಾತಿನಂತೆ ಕೇಳಿಸುತ್ತದೆ. ಆದರೆ ಕರ್ತೃ ಇಲ್ಲದಿರುವುದು ಬೇರೆ, ಮರೆತುಹೋಗಿರುವುದು ಬೇರೆ. ಗಾದೆ ಮನುಷ್ಯರ ಮಾತು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಮೊದಲು ಆಡಿದವನನ್ನು ಹುಡುಕಲಾಗದ ಮೇಲೆ ಆಪ್ತತೆಯ ಪ್ರಶ್ನೆಯನ್ನು ಇಂದು ಅದನ್ನು ಆಡುತ್ತಿರುವವರಿಗೇ ಕೇಳಬೇಕು.

ಬರಿಯ ವಾಕ್ಯವಾಗಿ ನೋಡಿದರೆ ಗಾದೆಗಳು ಒಂದಕ್ಕೊಂದು ಹೊಂದುವುದಿಲ್ಲ. 'ಮಾಡಿದ್ದುಣ್ಣೋ ಮಹಾರಾಯ' ಎನ್ನುವ ಬಾಯೇ 'ಪಾಪಿ ಚಿರಾಯು' ಎಂದೂ ಹೇಳುತ್ತದೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಮಕ್ಕಳಿಗೆ ಬುದ್ಧಿ ಹೇಳಿದವರು ಬೆಳೆ ಕೈಕೊಟ್ಟ ವರ್ಷ 'ತಾನೊಂದು ಬಗೆದರೆ ದೈವವೊಂದು ಬಗೆಯಿತು' ಎನ್ನುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಪದಗಳ ಬಳಕೆಗೆ ಉದಾಹರಣೆಯಾಗಿ ಗಾದೆಗಳು ಹೇರಳವಾಗಿವೆ. ಭಾಷೆಗೆ ಅದು ದೊಡ್ಡ ಉಪಕಾರ. ಆದರೆ ನಿಘಂಟಿನ ಪುಟದಲ್ಲಿ ಗಾದೆಗೆ ಆಡುವವರೂ ಇಲ್ಲ, ಕೇಳುವವರೂ ಇಲ್ಲ. ಯಾವ ಹೊತ್ತಿನಲ್ಲಿ ಯಾರು ಯಾರಿಗೆ ಅಂದರು ಎಂಬುದು ತಿಳಿಯದೆ ಅದರ ಅರ್ಥ ಪೂರ್ತಿಯಾಗುವುದಿಲ್ಲ.

'ಹಣೆಬರಹಕ್ಕೆ ಹೊಣೆ ಯಾರು' ಎಂಬ ಮಾತನ್ನೇ ನೋಡಬಹುದು. ಕಟ್ಟುತ್ತಿರುವ ಕಟ್ಟಡದ ಸಾರವೆಯಿಂದ ಗಾರೆ ಕೆಲಸದ ಹುಡುಗನೊಬ್ಬ ಬಿದ್ದು ಸತ್ತನೆನ್ನೋಣ. ಹೆಣದ ಪಕ್ಕ ಕೂತ ತಾಯಿ ಹಣೆ ಹಣೆ ಬಡಿದುಕೊಂಡು 'ನನ್ನ ಹಣೆಬರಹ' ಎನ್ನುತ್ತಾಳೆ. ಪಕ್ಕದ ಮನೆಯವಳು ಅವಳ ಕೈಹಿಡಿದು 'ಋಣ ಇಷ್ಟೇ ಇತ್ತು ಕಣವ್ವಾ' ಎನ್ನುತ್ತಾಳೆ. ಅಂದು ಬೆಳಿಗ್ಗೆ ಮಗನನ್ನು ಕೆಲಸಕ್ಕೆ ಕಳಿಸಿದ್ದು ತಾನೇ ಎಂಬ ಸಂಕಟದಿಂದ ಆ ಮಾತು ತಾಯಿಯನ್ನು ಒಂದಿಷ್ಟಾದರೂ ಬಿಡಿಸುತ್ತದೆ. ಅಲ್ಲಿ ಅದರ ಸತ್ಯಾಸತ್ಯ ಕೆದಕುವುದು ಕ್ರೌರ್ಯ. ಅದೇ ಮಾತನ್ನು ಅಂಗಳದಲ್ಲಿ ನಿಂತ ಗುತ್ತಿಗೆದಾರ 'ಅವನ ಹಣೆಬರಹ, ನಾವೇನು ಮಾಡೋಕಾಗುತ್ತೆ' ಎಂದು ಆಡಿದರೆ ಅದು ಪರಿಹಾರದಿಂದ ನುಣುಚಿಕೊಳ್ಳುವ ದಾರಿ. ಸಾರವೆ ಗಟ್ಟಿಯಿತ್ತೇ, ಸೊಂಟಕ್ಕೆ ಬೆಲ್ಟ್ ಇತ್ತೇ ಎಂಬ ಪ್ರಶ್ನೆಗಳನ್ನು ಅವನು ಬ್ರಹ್ಮನ ತಲೆಗೆ ಕಟ್ಟುತ್ತಿದ್ದಾನೆ. ಕೆಲಸದಲ್ಲಿ ಆಗುವ ಇಂಥ ಸಾವಿನ ಪರಿಹಾರದ ಹೊಣೆಯನ್ನು 1923ರ ಕಾಯ್ದೆಯೇ ಕೆಲಸ ಕೊಟ್ಟವರ ಮೇಲೆ ಹೊರಿಸಿತ್ತು. ತಾಯಿಗೆ ಆ ಮಾತಿನಿಂದ ಯಾವ ಲಾಭವೂ ಇಲ್ಲ, ಗುತ್ತಿಗೆದಾರನಿಗೆ ಇದೆ. ನೈಯಾಯಿಕರ ಒರೆಗಲ್ಲಿನಲ್ಲಿ ಅವನು ಆಪ್ತನಲ್ಲ.

ಇಂಥ ಮಾತಿಗೆ ಕರ್ಮಸಿದ್ಧಾಂತದ ಬೆಂಬಲವಿದೆ ಎಂಬ ಭಾವನೆ ಉಂಟು. ಮೂಲದಲ್ಲಿ ಆ ಸಿದ್ಧಾಂತ ಉತ್ತರಿಸಲು ಹೊರಟ ಪ್ರಶ್ನೆ ಮಾತ್ರ ಬೇರೆ. ಒಬ್ಬ ಸುಖದಲ್ಲಿ, ಇನ್ನೊಬ್ಬ ದುಃಖದಲ್ಲಿ ಹುಟ್ಟುವುದಾದರೆ ಈಶ್ವರ ಪಕ್ಷಪಾತಿಯೇ, ನಿರ್ದಯಿಯೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಎತ್ತಿಕೊಂಡು, ಈಶ್ವರ ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುತ್ತಾನೆ ಎಂದು ಸಮಾಧಾನ ಹೇಳುತ್ತದೆ. ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗಿ ಜವೆ ಜವೆಯಾಗಿ ಬೆಳೆಯುವುದು ಬೀಜದಿಂದ ಎಂಬುದು ಶಂಕರರ ವಿವರಣೆ. ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಕರ್ಮ ಎಲ್ಲಿತ್ತು ಎಂಬ ಮರುಪ್ರಶ್ನೆಗೆ ಸಂಸಾರ ಅನಾದಿ ಎಂಬ ಉತ್ತರ ಬರುತ್ತದೆ. ಈ ಉತ್ತರಗಳನ್ನು ಒಪ್ಪಬಹುದು, ಬಿಡಬಹುದು. ಏನೇ ಆದರೂ ಇಡೀ ವಾದ ಈಶ್ವರನ ಮೇಲಿನ ದೂರಿಗೆ ಕೊಟ್ಟ ಜವಾಬು. ನೆರೆಯವನ ದುಃಖ ಕಂಡು ಸುಮ್ಮನಿರಲು ಮನುಷ್ಯನಿಗೆ ಅದು ಪರವಾನಗಿ ಕೊಡುವುದಿಲ್ಲ. ಕರ್ಮವನ್ನು ನಂಬುವವನ ಲೆಕ್ಕದಲ್ಲಿ ಕೈಕಟ್ಟಿ ನಿಂತದ್ದೂ ಕರ್ಮವೇ.

ಕೆಲವು ಗಾದೆಗಳು ಲೋಕದ ರೀತಿಯನ್ನು ತಿಳಿಸುವ ಸೋಗಿನಲ್ಲಿ ಲೋಕಕ್ಕೆ ಕಟ್ಟಳೆ ಹಾಕುತ್ತವೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬುದು ಅಂಥದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗೇ ಇಟ್ಟಿತು. ಗಾದೆ ಹೇಳುತ್ತಿದ್ದುದನ್ನೇ ಕಾಯ್ದೆಯೂ ಹೇಳಿದಂತಾಯಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಅಕ್ಕತಂಗಿಯರು 'ಅರಿಶಿನ ಕುಂಕುಮಕ್ಕೆ' ಎಂದು ಅಣ್ಣತಮ್ಮಂದಿರು ಕೊಟ್ಟಷ್ಟು ಹಣ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅದಕ್ಕೆ ಒಂದು ಕಾರಣ, ಚಿಕ್ಕಂದಿನಿಂದ ಕಿವಿಗೆ ಬಿದ್ದ ಆ ಗಾದೆ ಇನ್ನೊಂದು. ಈ ಗಾದೆಯನ್ನು ಆಸ್ತಿ ಹಂಚುವ ಹೊತ್ತಿನಲ್ಲಿ ಎತ್ತುವವರು ಸಾಮಾನ್ಯವಾಗಿ ಅದರಿಂದ ಪಾಲು ಹೆಚ್ಚಿಸಿಕೊಳ್ಳುವವರೇ ಆಗಿರುತ್ತಾರೆ.