ಯಾವ ಯೂನಿಟ್ಟು, ಏನು ಕೆಲಸ

ರಜೆಯ ಮೇಲೆ ಊರಿಗೆ ಬಂದ ಸಿಪಾಯಿಯನ್ನು ನಾವು ಕೇಳುವುದು ಎರಡೇ ಪ್ರಶ್ನೆ: "ಎಷ್ಟು ದಿನ ರಜ?", "ಬಾರ್ಡರ್‌ನಲ್ಲಿದ್ದೀಯಾ?" ಬೆಂಗಳೂರಿನ ಕಂಪನಿ ಸೇರಿದ ಹುಡುಗನಿಗಾದರೆ "ಏನು ಕೆಲಸ?" ಎಂದು ಬಿಡಿಸಿ ಬಿಡಿಸಿ ಕೇಳುತ್ತೇವೆ.

*

ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಮಾಜಿ ಸೈನಿಕರು ಅಕ್ಕಪಕ್ಕ ಕೂತರೆ ಮಾತು ಬೇರೆ ದಾರಿ ಹಿಡಿಯುತ್ತದೆ.

"ಯಾವ ಯೂನಿಟ್ಟಣ್ಣ?"

"ಎಂಜಿನಿಯರ್ಸ್. ನಿಮ್ದು?"

"ಎಎಸ್‌ಸಿ, ಡ್ರೈವರ್. ಹದಿನೇಳು ವರ್ಷ."

"ಲೇಹ್ ಮಾಡಿದೀರಾ?"

"ಎರಡು ಸಲ."

ಅಷ್ಟರಲ್ಲಿ ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿದುಹೋಗಿರುತ್ತದೆ. ಜೋಜಿಲಾದ ತಿರುವು, ಚಕ್ರಕ್ಕೆ ಸುತ್ತಿದ ಸರಪಳಿ, ಚಳಿಗೆ ಸ್ಟಾರ್ಟ್ ಆಗದ ಎಂಜಿನ್ನು, ಮುಂದಿನ ಗಾಡಿ ಜಾರುವುದನ್ನು ನೋಡುತ್ತಾ ಬ್ರೇಕಿನ ಮೇಲೆ ಕಾಲಿಟ್ಟು ಕೂತದ್ದು, ಇದೆಲ್ಲ "ಎರಡು ಸಲ" ಎಂಬುದರೊಳಗೆ ಇದೆ. ಅದೇ ಬೆಂಚಿನ ಮೇಲಿದ್ದ ನಮಗೆ ಅದು ಬರೀ ಲೆಕ್ಕವಾಗಿ ಕೇಳಿಸುತ್ತದೆ.

*

ನಂಬರು, ರ‍್ಯಾಂಕು, ಹೆಸರು. ನಿವೃತ್ತಿಯಾಗಿ ಎಷ್ಟೇ ವರ್ಷ ಕಳೆದರೂ ಹಳೆಯ ಸೈನಿಕನ ಬಾಯಿಗೆ ಇವು ಇದೇ ಕ್ರಮದಲ್ಲಿ ಬರುತ್ತವೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಕೊನೆಗೆ ಹೇಳಿಕೊಳ್ಳಲು ಒಪ್ಪಿದವನು ಎಷ್ಟನ್ನು ಬಿಟ್ಟುಕೊಟ್ಟಿದ್ದಾನೆ ಎಂದು ಯೋಚಿಸಿ.

*

ಸಿನಿಮಾದ ಸೈನ್ಯದಲ್ಲಿ ಎಲ್ಲರ ಕೈಯಲ್ಲೂ ಬಂದೂಕು. ನಿಜವಾದ ಸೈನ್ಯದಲ್ಲಿ ರೊಟ್ಟಿ ಬೇಯಿಸುವವರು, ತಂತಿ ಎಳೆಯುವವರು, ಸೇತುವೆ ಕಟ್ಟುವವರು, ಕ್ಷೌರ ಮಾಡುವವರು, ಹೇಸರಗತ್ತೆಗೆ ಲಾಳ ಹೊಡೆಯುವವರು, ಸ್ಟೋರಿನ ಲೆಕ್ಕ ಬರೆಯುವವರು, ಗಾಯಕ್ಕೆ ಪಟ್ಟಿ ಕಟ್ಟುವವರು. ಬಂದೂಕನ್ನು ಇವರೂ ಕಲಿತಿರುತ್ತಾರೆ. ಬಂದೂಕು ಹಿಡಿದವನು ಮಾತ್ರ ಇವರ ಕೆಲಸವನ್ನು ಕಲಿತಿರಬೇಕೆಂದೇನಿಲ್ಲ.

*

ಸೈನ್ಯದ ಅಡುಗೆಮನೆಯಾದ ಲಂಗರಿನಲ್ಲಿ ದುಡಿದವನು ಊರಿನಲ್ಲಿ "ಮಿಲ್ಟ್ರಿಯಲ್ಲಿದ್ದೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಾನೆ. ಆ ಸಂಕೋಚವನ್ನು ಅವನಿಗೆ ಸೈನ್ಯ ಕಲಿಸಲಿಲ್ಲ. ನಾವು ಕಲಿಸಿದೆವು.

*

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಅಡಿಯಲ್ಲಿ ಸಿಕ್ಕಿಕೊಂಡರು. ಆರನೆಯ ದಿನ ಹಿಮ ಅಗೆದಾಗ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ಕರ್ನಾಟಕ ಅತ್ತಿತು. ಆ ಹತ್ತು ಮಂದಿಯಲ್ಲಿ ಒಬ್ಬ ನರ್ಸಿಂಗ್ ಅಸಿಸ್ಟೆಂಟ್ ಕೂಡ ಇದ್ದ. ಉಳಿದವರ ಜ್ವರ, ತಲೆನೋವು, ಹಿಮಕ್ಕೆ ಕಪ್ಪಿಟ್ಟ ಬೆರಳು ನೋಡಿಕೊಳ್ಳುವುದು ಅವನ ಕೆಲಸ. ಅಂದು ಅಲ್ಲಿ ಶತ್ರುವಿನ ಗುಂಡು ಹಾರಲಿಲ್ಲ. ಹಿಮವು ಯಾರ ಟ್ರೇಡನ್ನೂ ವಿಚಾರಿಸಲಿಲ್ಲ.

*

ಆ ಎತ್ತರದಲ್ಲಿ ಕುಡಿಯುವ ನೀರು ಬೇಕಾದರೂ ಸೀಮೆಎಣ್ಣೆ ಒಲೆ ಹೊತ್ತಿಸಿ ಹಿಮ ಕರಗಿಸಬೇಕು. ಆ ಸೀಮೆಎಣ್ಣೆಯ ಡಬ್ಬ ಹೊತ್ತು ಹತ್ತುವವರಲ್ಲಿ ಲಡಾಖಿನ ಹಳ್ಳಿಗಳ ಕೂಲಿಯಾಳುಗಳಿದ್ದಾರೆ. ಅವರಿಗೆ ಸಮವಸ್ತ್ರವಿಲ್ಲ, ಪೆನ್ಷನ್ ಇಲ್ಲ, ಪದಕದ ಮಾತು ಅಪರೂಪ. ಯಾರು ಸೈನಿಕ, ಯಾರು ನಾಗರಿಕ ಎಂಬ ಗೆರೆ ಕಚೇರಿಯ ಕಾಗದದಲ್ಲಿ ದಪ್ಪಗಿರುತ್ತದೆ. ಏರು ಹೆಚ್ಚಿದಷ್ಟೂ ಅದು ತೆಳುವಾಗುತ್ತದೆ.

*

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಕೆರೆ ಏರಿಯ ಪಕ್ಕ, ಹೊಲದ ಬದುವಿನಲ್ಲಿ, ಹಾಳುಗುಡಿಯ ಹಿಂದೆ ವೀರಗಲ್ಲುಗಳು ನಿಂತಿವೆ. ಹಲವು ಗಂಗರ, ನೊಳಂಬರ ಕಾಲದವು. ಈ ಊರುಗಳೆಲ್ಲ ಕೋಲಾರ ಜಿಲ್ಲೆಯಲ್ಲಿದ್ದಾಗ, 1905ರಲ್ಲಿ, ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಇಲ್ಲಿನ ಶಾಸನಗಳನ್ನು ಅಚ್ಚು ಹಾಕಿಸಿದರು. ಬರಹವಿರುವ ವೀರಗಲ್ಲು ಏನು ಹೇಳುತ್ತದೆ ನೋಡಿ: ಯಾರ ಆಳ್ವಿಕೆ, ಸತ್ತವನು ಯಾರ ಮಗ, ಯಾವ ಊರಿನ ತುರು ಹೋಗುತ್ತಿತ್ತು, ಅವನು ಏನು ಮಾಡಿ ಬಿದ್ದ, ಅವನ ಮನೆಯವರಿಗೆ ಎಷ್ಟು ಮಣ್ಣು ಕೊಟ್ಟರು. ಆ ಮಣ್ಣಿಗೆ ನೆತ್ತರುಕೊಡಗೆ ಎಂದು ಹೆಸರು. ಅವರಲ್ಲಿ ಅನೇಕರು ಅರಸನ ಸಂಬಳ ತಿಂದ ಪಡೆಯವರಲ್ಲ. ದನ ಹೊಡೆದುಕೊಂಡು ಹೋಗುತ್ತಿದ್ದಾರೆ ಎಂಬ ಕೂಗು ಕೇಳಿ ಎದ್ದು ಓಡಿದವರು.

ಇಂದು ವೃತ್ತದಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಒಂದು ಭಾವಚಿತ್ರ, "ವೀರಯೋಧ" ಎಂಬ ಪದ, ಕೆಳಗೆ ಮುಖಂಡರ ಸಾಲು ಸಾಲು ಮುಖ. ಅವನು ಯಾವ ಯೂನಿಟ್, ಏನು ಕೆಲಸ, ಎಲ್ಲಿ, ಹೇಗೆ ಎಂಬುದು ಇಲ್ಲ. ಕಲ್ಲಿನಲ್ಲಿ ಕೊರೆಯುವ ಕಷ್ಟವಿದ್ದ ಕಾಲದವರು ನಮಗಿಂತ ಹೆಚ್ಚು ವಿವರ ಬರೆದಿಟ್ಟರು.

*

ನೆತ್ತರುಕೊಡಗೆಯ ನಾಡಿನಲ್ಲಿ ಮಾಜಿ ಸೈನಿಕರಿಗೆ ಸರ್ಕಾರಿ ಜಮೀನಿನಲ್ಲಿ ಪಾಲು ಕೊಡಬೇಕೆಂಬ ನಿಯಮ ಇಂದಿಗೂ ಇದೆ. ಅರ್ಜಿ ಹಿಡಿದು ಅಲೆಯುತ್ತಲೇ ಮುದುಕರಾದವರೂ ಇದ್ದಾರೆ. ಭೂಮಿಯನ್ನೂ ಕೊಟ್ಟು ಕಲ್ಲನ್ನೂ ನೆಟ್ಟ ಆ ಹಳ್ಳಿಗಳ ಮುಂದೆ ನಾವು ತಲೆ ತಗ್ಗಿಸಬೇಕು.

*

1791ರ ಅಕ್ಟೋಬರ್ 19ರಂದು ನಂದಿಯ ಕೋಟೆ ಟಿಪ್ಪುವಿನ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಅವರ ದಳಪತಿ ಕಾರ್ನ್‌ವಾಲಿಸನ ಹೆಸರು ಪುಸ್ತಕದಲ್ಲಿದೆ. ಬೆಟ್ಟಕ್ಕೆ ಫಿರಂಗಿ ಎಳೆದ ಆನೆಗಳ ಮಾವುತರು, ಸೈನ್ಯಕ್ಕೆ ಎತ್ತಿನ ಮೇಲೆ ದವಸ ಹೇರಿ ತಂದ ಬಂಜಾರರು, ಮೇಲೆ ಕೋಟೆಯೊಳಗೆ ಮೂರು ವಾರ ಹಿಡಿದು ನಿಂತವರಿಗೆ ಗಂಜಿ ಕಾಯಿಸಿದವರು, ಇವರ ಹೆಸರು ಎಲ್ಲೂ ಇಲ್ಲ. ನಂದಿಗೆ ಹೋದವರೆಲ್ಲ ಮಂಜು ನೋಡುತ್ತಾರೆ. ಮಂಜು ಕರಗಿದ ಮೇಲೆ ಆ ಕಡಿದಾದ ಬಂಡೆಯನ್ನೂ ಒಮ್ಮೆ ನೋಡಬೇಕು, ಫಿರಂಗಿಯ ತೂಕವನ್ನು ನೆನೆದು.

*

1918ರ ಸೆಪ್ಟೆಂಬರ್ 23ರ ಹೈಫಾ ಕದನ ಎಂದರೆ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತದೆ. ದೆಹಲಿಯ ತೀನ್‌ಮೂರ್ತಿಯಲ್ಲಿ ಒಂದು ಮೂರ್ತಿ ಮೈಸೂರಿನದು. ಅದೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಸಾಗಣೆ ಪಡೆಯೂ ಮೆಸೊಪೊಟೇಮಿಯಾಕ್ಕೆ ಹೋಗಿತ್ತು. ಕುದುರೆಯ ಮೇಲೆ ಈಟಿ ಹಿಡಿದವನು ಕಂಚಿನಲ್ಲಿ ನಿಂತ, ಗಾಡಿ ಹೊಡೆದವನಿಗೆ ಒಂದು ಸಾಲೂ ಸಿಗಲಿಲ್ಲ. ಕುದುರೆಗೆ ಹುರುಳಿ ಬರದ ದಿನ ಈಟಿಗೆ ಕೆಲಸವಿಲ್ಲ.

*

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು 1906ರಲ್ಲಿ ಏಡನ್‌ಗೆ ಕಳಿಸಿದ್ದರು. ಸೈನ್ಯದ ಠಾಣ್ಯವಿದ್ದ ಆ ಒಣ ಬಂದರಿಗೆ ಕುಡಿಯುವ ನೀರು, ಕೊಳಚೆ ಹೋಗುವ ದಾರಿ ಎರಡನ್ನೂ ಯೋಚಿಸಿಕೊಟ್ಟರು. ಕತ್ತಿ ಹಿಡಿಯದ ಎಂಜಿನಿಯರ್ ಒಬ್ಬ ರೋಗರುಜಿನದಿಂದ ಉಳಿಸಿರಬಹುದಾದ ಸಿಪಾಯಿಗಳನ್ನು ಎಣಿಸುವವರಿಲ್ಲ.

*

1941ರ ಡಿಸೆಂಬರಿನಲ್ಲಿ ಜಪಾನು ಎರಡನೆಯ ಮಹಾಯುದ್ಧಕ್ಕಿಳಿಯಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕು, ಜಪಾನಿನ ರೇಷ್ಮೆ ಇನ್ನು ಬಾರದು. ಮೈಸೂರು ಸೀಮೆಯ ರೇಷ್ಮೆಗೆ ಒಮ್ಮೆಲೇ ಬೇಡಿಕೆ ಬಂತು. ಗೂಡು ಬಿಡಿಸಿ, ಕುದಿನೀರಿನಲ್ಲಿ ಬೆರಳದ್ದಿ ಎಳೆ ಹಿಡಿದ ಹೆಂಗಸರಿಗೆ ಆ ಎಳೆಯ ತುದಿಯಲ್ಲಿ ಆಕಾಶದಿಂದ ಇಳಿಯುವ ಯಾವನೋ ಹುಡುಗನ ಜೀವ ತೂಗುತ್ತದೆಂದು ತಿಳಿದಿತ್ತೇ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇಂದು ಮಾರುವವರಿಗೂ, ನೂಲು ತೆಗೆಯುವವರಿಗೂ ಇದನ್ನು ಹೇಳಬೇಕು. ಅವರ ಕಸುಬಿಗೂ ಒಂದು ಸೇವಾ ಚರಿತ್ರೆ ಇದೆ.

*

ಗೌರಿಬಿದನೂರಿನ ಬಳಿ 1965ರಿಂದ ಒಂದು ಭೂಕಂಪ ಮಾಪಕ ಕೇಂದ್ರವಿದೆ. ಇಂದು ಭಾಭಾ ಅಣು ಸಂಶೋಧನಾ ಕೇಂದ್ರ ಎನಿಸಿಕೊಂಡ ಸಂಸ್ಥೆಯವರು ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಜೊತೆ ಸೇರಿ ಸ್ಥಾಪಿಸಿದ್ದು. ಭೂಮಿಯಲ್ಲಿ ಸಾಲಾಗಿ ಹೂತ ಆ ಉಪಕರಣಗಳು ಭೂಕಂಪವನ್ನಷ್ಟೇ ಅಲ್ಲ, ಸಾವಿರಾರು ಮೈಲಿ ದೂರದಲ್ಲಿ ಯಾವ ದೇಶ ನೆಲದಡಿ ಬಾಂಬು ಸಿಡಿಸಿತು ಎಂಬುದನ್ನೂ ಹಿಡಿಯಲೆಂದೇ ಇರುವಂಥವು. ಪಕ್ಕದ ಹೊಲದಲ್ಲಿ ಜೋಳ ಕೊಯ್ಯುತ್ತಾರೆ, ಒಳಗೆ ದಾಖಲೆ ಏರಿಳಿಯುತ್ತದೆ. ಅಲ್ಲಿ ದುಡಿದವರು ಯಾರಿಗೂ ಸೆಲ್ಯೂಟ್ ಹೊಡೆದವರಲ್ಲ. ದೇಶದ ಕಾವಲಿನಲ್ಲಿ ಅವರ ಪಾಲು ಕಡಿಮೆಯೆನ್ನಲು ನನಗೆ ಬಾಯಿ ಬರುವುದಿಲ್ಲ.

*

ಕೇರಾಫ್ 56 ಎಪಿಒ. ಎಷ್ಟೋ ಮನೆಗಳಲ್ಲಿ ಮಗನ ವಿಳಾಸವೆಂದರೆ ಇಷ್ಟೇ ಆಗಿತ್ತು. ಊರಿಲ್ಲ, ಬೀದಿಯಿಲ್ಲ, ಅವನು ಮರಳಿನಲ್ಲಿದ್ದಾನೋ ಮಂಜಿನಲ್ಲಿದ್ದಾನೋ ತಿಳಿಯದು. ಆದರೂ ಆ ವಿಳಾಸ ಬರೆದ ಕಾಗದ ಅವನ ಬಂಕರಿನವರೆಗೂ ಹೋಗುತ್ತಿತ್ತು. ಒಯ್ಯುವ ಸೈನಿಕ ಅಂಚೆಯವರಲ್ಲಿ ಬಹಳಷ್ಟು ಜನ ನಮ್ಮ ನಿಮ್ಮ ಊರಿನ ಅಂಚೆ ಕಚೇರಿಯಿಂದಲೇ ಡೆಪ್ಯುಟೇಶನ್ನಿನ ಮೇಲೆ ಹೋಗಿ ಸಮವಸ್ತ್ರ ತೊಟ್ಟವರು. ನಾಗರಿಕನಾಗಿ ಹೋಗಿ, ಸೈನಿಕನಾಗಿ ದುಡಿದು, ಮತ್ತೆ ಕೌಂಟರಿನಲ್ಲಿ ಕೂತು ಸ್ಟಾಂಪು ಮಾರಿದವರನ್ನು ನಾವು ಗುರುತಿಸಿದ್ದುಂಟೇ?

*

ಗಂಡ ಹದಿನೇಳು ವರ್ಷ ಸೈನ್ಯದಲ್ಲಿ. ಹೆಂಡತಿ ಅದೇ ಹದಿನೇಳು ವರ್ಷ ಬೋರ್‌ವೆಲ್ಲು ಬತ್ತಿದ ಹೊಲದಲ್ಲಿ, ಅತ್ತೆಯ ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯ ಸಾಲಿನಲ್ಲಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಆಕೆಯ ಹೆಸರಿಗೆ ಒಂದು ಕಲಮು. ಆಕೆಯ ಸೇವೆಗೆ ಪುಟವಿಲ್ಲ.

*

"ಎಷ್ಟು ಜನರನ್ನು ಹೊಡೆದಿದ್ದೀರಿ?" ಮಕ್ಕಳು ಕೇಳಿದರೆ ತಿಳಿಯದೆ ಕೇಳಿದ್ದು. ದೊಡ್ಡವರು ಕೇಳಬಾರದು. ಹೊಡೆದವನು ಅದನ್ನು ಮರೆಯಲು ಹೆಣಗುತ್ತಿರಬಹುದು. ಹೊಡೆಯದವನು ತನ್ನ ಸೇವೆ ಸೇವೆಯೇ ಅಲ್ಲವೇನೋ ಎಂದು ಕುಗ್ಗಬಹುದು. ಒಂದೇ ಪ್ರಶ್ನೆ ಇಬ್ಬರನ್ನೂ ನೋಯಿಸುತ್ತದೆ.

*

ತಾನಿಲ್ಲದ ಯುದ್ಧವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವವನು ಕೇಳುಗನಿಗೆ ಮೋಸ ಮಾಡುವುದಕ್ಕಿಂತ ಹೆಚ್ಚಾಗಿ ಜೊತೆಗಾರನಿಗೆ ಮೋಸ ಮಾಡುತ್ತಾನೆ. ಆ ಯುದ್ಧದಲ್ಲಿ ನಿಜವಾಗಿ ಇದ್ದವನು ಇನ್ನು ಬಾಯಿ ಬಿಡುವುದಿಲ್ಲ.

*

2019ರ ಫೆಬ್ರವರಿ 14ರಂದು ಪುಲ್ವಾಮಾದ ಬಾಂಬ್ ದಾಳಿಯಲ್ಲಿ ತೀರಿಕೊಂಡ ಮದ್ದೂರು ತಾಲ್ಲೂಕು ಗುಡಿಗೆರೆಯ ಗುರು ಸಿಆರ್‌ಪಿಎಫ್‌ನವರು. ಊರು ಅವರನ್ನು ಯೋಧನೆಂದೇ ಕಳಿಸಿಕೊಟ್ಟಿತು. ಆದರೆ ಸಿಆರ್‌ಪಿಎಫ್, ಬಿಎಸ್‌ಎಫ್‌ ಗೃಹ ಸಚಿವಾಲಯದ ಅಡಿಯಲ್ಲಿವೆ. 2004ರ ಜನವರಿಯಿಂದ ಸೇರಿದವರನ್ನು ಸೈನ್ಯದವರ ಹಳೆಯ ಪೆನ್ಷನ್ನಿನಿಂದ ಹೊರಗಿಟ್ಟರು. ಗಡಿಯಲ್ಲಿ ಒಂದೇ ಮಳೆಗೆ ನೆನೆದ ಇಬ್ಬರು ಊರಿಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಬೇರೆಯಾಗುತ್ತಾರೆ.

*

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳೆಯರು ಸಿಪಾಯಿಗಳಾಗಿ ಹೊರಬಂದರು, ಸೈನ್ಯದ ಮೊದಲ ತಂಡ. ನಮ್ಮ ತಾಲ್ಲೂಕುಗಳ ಕಾಲೇಜು ಮೈದಾನದಲ್ಲಿ ಬೆಳಗ್ಗೆ ಓಡುವ ಹುಡುಗಿಯನ್ನು "ಯಾಕಮ್ಮ ಇದೆಲ್ಲ" ಎನ್ನುವ ಬದಲು "ಎಷ್ಟು ನಿಮಿಷಕ್ಕೆ ಮುಗಿಸಿದೆ?" ಎಂದು ಕೇಳಿದರೆ ಆಕೆ ನಾಳೆಯೂ ಬರುತ್ತಾಳೆ.

*

1938ರ ಏಪ್ರಿಲ್ 25. ವಿದುರಾಶ್ವತ್ಥದಲ್ಲಿ ಧ್ವಜ ಹಿಡಿಯಲು ಸೇರಿದವರ ಮೇಲೆ ಗುಂಡು ಹಾರಿತು. ಅಲ್ಲಿ ಬಿದ್ದವರು ಯಾವ ಪಡೆಗೂ ಭರ್ತಿಯಾಗಿರಲಿಲ್ಲ. ಅವರ ಕಥೆಯನ್ನು ಗೌರಿಬಿದನೂರಿನ ಮಕ್ಕಳೂ ಹೇಳುತ್ತಾರೆ. ಅಂದು ಬಂದೂಕು ಹಿಡಿದಿದ್ದವರೂ ಒಂದು ಸೇವೆಯಲ್ಲೇ ಇದ್ದರು. ಅವರಿಗೂ ನಂಬರು, ಸಂಬಳ, ಪೆನ್ಷನ್ ಇತ್ತು. ಅವರ ಮನೆಯವರು ಆ ದಿನದ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹೇಳಿಕೊಳ್ಳಲಾಗದ ಸೇವೆಯೂ ಉಂಟು.

*

ಐವತ್ತು ಮುಟ್ಟುವ ಮುಂಚೆಯೇ ಹವಾಲ್ದಾರ್ ನಿವೃತ್ತನಾಗುತ್ತಾನೆ. ಮಾರನೆಯ ವರ್ಷ ಅವನು ಯಾವುದೋ ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಅವನನ್ನು "ಸೆಕ್ಯೂರಿಟಿ" ಎಂದು ಕೂಗುತ್ತಾರೆ. ಮೂವತ್ತು ಜನರ ಊಟ, ನಿದ್ದೆ, ಜಗಳ, ಜ್ವರ ಎಲ್ಲವನ್ನೂ ಸಂಭಾಳಿಸಿದವನು ಅವನು. ಎಂಜಿನಿಯರ್ಸ್‌ನಲ್ಲಿದ್ದರೆ ಒಂದು ರಾತ್ರಿಯಲ್ಲಿ ಹೊಳೆಗೆ ಸೇತುವೆ ಹಾಕಿದ್ದಾನೆ, ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದರೆ ರಕ್ತ ನಿಲ್ಲಿಸಿದ್ದಾನೆ, ಸಿಗ್ನಲ್ಸ್‌ನಲ್ಲಿದ್ದರೆ ಬೆಟ್ಟದಿಂದ ಬೆಟ್ಟಕ್ಕೆ ಸಂಪರ್ಕ ಕೊಟ್ಟಿದ್ದಾನೆ. ಆಂಬ್ಯುಲೆನ್ಸ್ ತಡವಾಗಿ ಬರುವ ನಮ್ಮ ಹಳ್ಳಿಗಳಲ್ಲಿ, ಮಳೆಗೆ ಮೋರಿ ಕೊಚ್ಚಿಹೋಗುವ ನಮ್ಮ ರಸ್ತೆಗಳಲ್ಲಿ ಈ ವಿದ್ಯೆಗೆ ಕೆಲಸವಿಲ್ಲವೇ? ಪಂಚಾಯಿತಿಗೆ ಊರಿನ ಮಾಜಿ ಸೈನಿಕರ ಸಂಖ್ಯೆ ಗೊತ್ತಿರಬಹುದು. ಅವರಲ್ಲಿ ಯಾರಿಗೆ ಏನು ಬರುತ್ತದೆ ಎಂಬ ಪಟ್ಟಿಯನ್ನು ನಾನು ಯಾವ ಪಂಚಾಯಿತಿಯ ಗೋಡೆಯ ಮೇಲೂ ಕಂಡಿಲ್ಲ.

*

ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಶಾಲು ಹೊದಿಸುತ್ತೇವೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಶಾಲಿನ ಬದಲು ಅರ್ಧ ಗಂಟೆ ಕೊಟ್ಟು, ಮೂಳೆ ಮುರಿದವನನ್ನು ಹೇಗೆ ಎತ್ತಬೇಕು, ದಿಕ್ಸೂಚಿ ಹೇಗೆ ಓದಬೇಕು ಎಂದು ಮಕ್ಕಳಿಗೆ ತೋರಿಸಿ ಎಂದರೆ ಆ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

*

ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್ 14ರಂದು. ಮೊದಲ ತಂಡದ ಹುಡುಗರ ನಾಲ್ಕು ವರ್ಷದ ಸೇವೆ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಯೋಜನೆಯ ಪ್ರಕಾರ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಸೈನ್ಯದಲ್ಲಿ ಉಳಿಯುತ್ತಾರೆ. ಮಿಕ್ಕವರು ಇಪ್ಪತ್ತೊಂದರಿಂದ ಇಪ್ಪತ್ತೇಳರ ಪ್ರಾಯದಲ್ಲಿ, ಸೇವಾನಿಧಿಯ ಹಣದೊಂದಿಗೆ, ಪೆನ್ಷನ್ ಇಲ್ಲದೆ ಮನೆಗೆ ಬರುತ್ತಾರೆ. ಹದಿನೇಳು ವರ್ಷ ದುಡಿದವರ ಮುಂದೆ ನಾಲ್ಕು ವರ್ಷವನ್ನು ಹೇಗೆ ಹೇಳಿಕೊಳ್ಳುವುದೆಂದು ಅವರು ತಡವರಿಸುತ್ತಾರೆ. "ವಾಪಸ್ ಕಳಿಸಿದರಂತೆ" ಎಂಬ ಮಾತು ಅವರಿಗಿಂತ ಮೊದಲೇ ಊರು ಸೇರಬಾರದು. ಅವರಲ್ಲೊಬ್ಬ ಕೇಬಲ್ ಎಳೆದಿರುತ್ತಾನೆ, ಒಬ್ಬ ಭಾರಿ ವಾಹನ ಓಡಿಸಿರುತ್ತಾನೆ, ಒಬ್ಬ ಸ್ಟೋರ್ ನೋಡಿಕೊಂಡಿರುತ್ತಾನೆ. ಚಿಕ್ಕಬಳ್ಳಾಪುರದಲ್ಲಿ ನಡೆಯುವ ಉದ್ಯೋಗ ಮೇಳದ ಅರ್ಜಿಯಲ್ಲಿ ಯೂನಿಟ್ ಯಾವುದು, ಅಲ್ಲಿ ಏನು ಕೆಲಸ ಮಾಡಿದಿರಿ ಎಂದು ಬರೆಯಲು ಎರಡು ಸಾಲು ಜಾಗ ಈಗಲೇ ಬಿಡಿಸಬೇಕು.