ವ್ಯಾಪಾರದ ಋಣ

‘ಉದ್ಯಮದ ಸಾಮಾಜಿಕ ಹೊಣೆಗಾರಿಕೆ’ (ಸಿ.ಎಸ್.ಆರ್.) ಎಂಬ ಮಾತು ನಮ್ಮ ಸಾರ್ವಜನಿಕ ವ್ಯವಹಾರದಲ್ಲಿ ಈಚೆಗೆ ಬಳಕೆಯಾಗುತ್ತಿರುವ ಬಗೆಯನ್ನು ನೋಡಿದರೆ, ಅದು ಒಂದು ತತ್ತ್ವದ ಹೆಸರೆಂಬುದನ್ನು ಜನ ಮರೆತು, ಒಂದು ಖರ್ಚಿನ ಬಾಬತ್ತಿನ ಹೆಸರನ್ನಾಗಿ ಮಾಡಿಕೊಂಡಿರುವರೆಂದು ತೋರುತ್ತದೆ. ಕ್ಷೇತ್ರದ ಶಾಸಕರು ಸಿ.ಎಸ್.ಆರ್. ಹಣ ತರಿಸಿಕೊಡುವೆನೆಂದು ಭರವಸೆ ನೀಡುತ್ತಾರೆ. ಶಾಲಾಭಿವೃದ್ಧಿ ಸಮಿತಿಯವರು ಯಾವುದಾದರೊಂದು ಕಂಪನಿಯ ಸಿ.ಎಸ್.ಆರ್. ಸಿಕ್ಕೀತೇ ಎಂದು ವಿಚಾರಿಸುತ್ತಾರೆ. ಸಿಕ್ಕಿತೆಂದರೆ ಗೋಡೆಗೆ ಬಣ್ಣ, ಅಂಗಳಕ್ಕೆ ಶುದ್ಧ ನೀರಿನ ಘಟಕ, ಘಟಕದ ಮೇಲೆ ಶಾಲೆಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ದಾನಿಯ ಹೆಸರು. ಆ ಕಂಪನಿಯ ಕೊಳಚೆ ಯಾವ ಹಳ್ಳಕ್ಕೆ ಸೇರುತ್ತಿದೆ, ಅದರ ಗುತ್ತಿಗೆ ಕಾರ್ಮಿಕನ ಹೆಸರಿನಲ್ಲಿ ಭವಿಷ್ಯನಿಧಿ ಕಟ್ಟುತ್ತಿದ್ದಾರೆಯೇ ಎಂದು ಯಾರಾದರೂ ಕೇಳಿದರೆ, ‘ಅವರು ಊರಿಗೆ ಎಷ್ಟೊಂದು ಮಾಡಿದ್ದಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಂದು ಪ್ರಶ್ನೆಗೆ ಬೇರೊಂದು ಪ್ರಶ್ನೆಯ ಉತ್ತರವನ್ನು ಕೊಟ್ಟು ಉಭಯಪಕ್ಷದವರೂ ತೃಪ್ತರಾಗುವ ಈ ಪದ್ಧತಿಯ ಹಿಂದಿರುವ ವಿಚಾರದೋಷವನ್ನು ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ದೋಷದ ಬಹುಪಾಲು ನಮ್ಮ ಕಾನೂನಿನ ರಚನೆಯಲ್ಲಿಯೇ ಅಡಗಿದೆ. 2013ರ ಕಂಪನಿಗಳ ಅಧಿನಿಯಮದ 135ನೆಯ ಪ್ರಕರಣದಂತೆ, 500 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತನ್ನಾಗಲಿ, 1,000 ಕೋಟಿಯ ವಹಿವಾಟನ್ನಾಗಲಿ, 5 ಕೋಟಿಯ ನಿವ್ವಳ ಲಾಭವನ್ನಾಗಲಿ ಮುಟ್ಟಿದ ಕಂಪನಿಯು, ಹಿಂದಿನ ಮೂರು ವರ್ಷಗಳ ತನ್ನ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಲೋಕೋಪಯೋಗಿ ಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು. ಆ ಕಾರ್ಯಗಳು ಯಾವುವೆಂಬ ಪಟ್ಟಿ ಅಧಿನಿಯಮದ ಏಳನೆಯ ಅನುಸೂಚಿಯಲ್ಲಿದೆ. ಈ ಹಣದಿಂದ ಅನೇಕ ಆಸ್ಪತ್ರೆಗಳಿಗೂ ಶಾಲೆಗಳಿಗೂ ಉಪಕಾರವಾಗಿದೆಯೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಇದರ ನಿಯಮಗಳನ್ನು ತಾಳ್ಮೆಯಿಂದ ಓದಿದವನ ಕಣ್ಣಿಗೆ ಒಂದು ವಿಚಿತ್ರವು ಬೀಳದೆ ಇರದು. ಕಂಪನಿಯು ತನ್ನ ನಿತ್ಯದ ವ್ಯಾಪಾರಕ್ರಮದಲ್ಲಿ ಮಾಡುವ ಕೆಲಸ ಈ ಲೆಕ್ಕಕ್ಕೆ ಸಲ್ಲದು. ತನ್ನ ನೌಕರರ ಹಿತಕ್ಕಾಗಿಯೇ ಮಾಡಿದ ಖರ್ಚೂ ಸಲ್ಲದು. ಲೆಕ್ಕಪತ್ರದ ದೃಷ್ಟಿಯಿಂದ ಇದು ಯುಕ್ತವೇ ಸರಿ. ಹಾಗಲ್ಲದಿದ್ದರೆ ಪ್ರತಿಯೊಬ್ಬ ಮಾಲೀಕನೂ ಕೊಡಲೇಬೇಕಾದ ಸಂಬಳವನ್ನೇ ಸಮಾಜಸೇವೆಯೆಂದು ತೋರಿಸುತ್ತಿದ್ದನು. ಆದರೂ ಪರಿಣಾಮವೇನೆಂದರೆ, ಕಂಪನಿಯು ಏನನ್ನು ತಯಾರಿಸುತ್ತದೆ, ಹೇಗೆ ತಯಾರಿಸುತ್ತದೆ, ಯಾರ ಬೆವರಿನಿಂದ ತಯಾರಿಸುತ್ತದೆ ಎಂಬ ಮೂರು ಮುಖ್ಯ ಪ್ರಶ್ನೆಗಳೂ ‘ಹೊಣೆಗಾರಿಕೆ’ಯೆಂದು ಕರೆಯಲ್ಪಡುವ ಪ್ರಕರಣದ ಹೊರಗೆ ಉಳಿದವು. ಗಳಿಸಿದ ಮೇಲೆ ನೂರಕ್ಕೆ ಎರಡನ್ನು ಹೇಗೆ ಚೆಲ್ಲಿದೆಯೆಂಬುದಕ್ಕೆ ವರದಿಯುಂಟು. ಆ ನೂರನ್ನು ಗಳಿಸಿದ ಬಗೆಯ ಮಾತು ಅಲ್ಲಿಲ್ಲ.

ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಕಾದ ಭೇದವೊಂದೇ: ದಾನಕ್ಕೂ ಋಣಕ್ಕೂ ಇರುವ ಭೇದ. ದಾನದಲ್ಲಿ ಪಾತ್ರನಾರು, ಮೊತ್ತವೆಷ್ಟು, ಕಾಲ ಯಾವುದು ಎಂಬುದೆಲ್ಲ ಕೊಡುವವನ ಇಚ್ಛೆ. ಈ ವರ್ಷ ಈ ಊರಿಗೆ ಕೊಟ್ಟವನು ಮುಂದಿನ ವರ್ಷ ಬೇರೆ ಊರಿಗೆ ಕೊಡಬಹುದು, ಮೊದಲಿನ ಊರಿನವರು ಏಕೆಂದು ಕೇಳುವಂತಿಲ್ಲ. ಋಣದಲ್ಲಿ ಈ ಮೂರೂ ಕೊಡುವವನ ಕೈಯಲ್ಲಿಲ್ಲ. ಯಾರಿಗೆ ಕೊಡಬೇಕೆಂಬುದನ್ನು ಅವನ ಹಿಂದಿನ ಕೃತ್ಯವೇ ಗೊತ್ತುಮಾಡಿದೆ. ಎಷ್ಟೆಂಬುದನ್ನು ಉಂಟಾದ ಹಾನಿಯಾಗಲಿ ಪಡೆದ ಪ್ರಯೋಜನವಾಗಲಿ ಗೊತ್ತುಮಾಡುತ್ತದೆ. ಕೊಡದೆ ಹೋದರೆ ಪಡೆಯಬೇಕಾದವನು ಬಾಗಿಲಿಗೆ ಬಂದು ಕೇಳಬಲ್ಲನು, ಹಾಗೆ ಕೇಳುವುದರಿಂದ ಅವನ ಮಾನಕ್ಕೆ ಕುಂದಿಲ್ಲ. ನೆರೆಮನೆಯ ಗೋಡೆಯನ್ನು ತನ್ನ ಗಾಡಿಯಿಂದ ಕೆಡವಿದವನು ಯುಗಾದಿಯ ದಿನ ಆ ಮನೆಗೆ ಹೋಳಿಗೆ ಕಳುಹಿಸಿದನೆಂದಿಟ್ಟುಕೊಳ್ಳಿ. ಹೋಳಿಗೆ ಎಷ್ಟೇ ರುಚಿಯಾಗಿರಲಿ, ಗೋಡೆಯ ಲೆಕ್ಕ ಅದರಿಂದ ತೀರಲಿಲ್ಲ. ನಮ್ಮ ಪೂರ್ವಿಕರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ತನ್ನ ಜನರು ಕಷ್ಟದಲ್ಲಿ ಬದುಕುತ್ತಿರುವಾಗ ಹೊರಗಿನವರಿಗೆ ಕೊಡುವ ಶಕ್ತನ ದಾನವು ಧರ್ಮದ ಅಣಕವೆಂಬ ಅಭಿಪ್ರಾಯ ಮನುಸ್ಮೃತಿಯಲ್ಲಿಯೇ ಬಂದಿದೆ. ಆ ಗ್ರಂಥದ ಇತರ ಅನೇಕ ವಿಧಿಗಳನ್ನು ಕಟುವಾಗಿ ವಿರೋಧಿಸುವವರು ಕೂಡ ಈ ಒಂದನ್ನು ಒಪ್ಪಲು ಹಿಂಜರಿಯಬೇಕಾದುದಿಲ್ಲ.

ಹಾಗಾದರೆ ಉದ್ಯಮವು ಯಾರಿಗೆ ಋಣಿ? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ‘ಭಾಗೀದಾರ’ನೆಂಬ ಪರಿಕಲ್ಪನೆ. ಬಂಡವಾಳ ಹೂಡಿದ ಷೇರುದಾರನಲ್ಲದೆ ನೌಕರ, ಗಿರಾಕಿ, ಸರಕು ಒದಗಿಸುವವನು, ಸಾಲ ಕೊಟ್ಟವನು, ಸುತ್ತಲಿನ ಊರಿನವನು, ಇವರೆಲ್ಲರಿಗೂ ಉದ್ಯಮದಲ್ಲಿ ಒಂದು ಸಂಬಂಧವುಂಟು, ಆದುದರಿಂದ ಅವರ ಹಿತವನ್ನೂ ಎಣಿಸಬೇಕು ಎಂಬುದು ಅದರ ಸಾರ. ಇದನ್ನು ಶಾಸ್ತ್ರವಾಗಿ ಬೆಳೆಸಿದ ಅಮೆರಿಕದ ಎಡ್ವರ್ಡ್ ಫ್ರೀಮನ್ನನು 1984ರ ತನ್ನ ಗ್ರಂಥದಲ್ಲಿ, ಸಂಸ್ಥೆಯ ಕಾರ್ಯದಿಂದ ಬಾಧಿತರಾಗುವವರೂ ಆ ಕಾರ್ಯವನ್ನು ಬಾಧಿಸಬಲ್ಲವರೂ ಎಲ್ಲರೂ ಭಾಗೀದಾರರೇ ಎಂದು ವಿಶಾಲವಾದ ಲಕ್ಷಣವನ್ನು ಹೇಳಿದನು. ಉದಾರವಾದ ಲಕ್ಷಣ, ಆದರೆ ಅತಿವ್ಯಾಪ್ತಿದೋಷದಿಂದ ಕೂಡಿದ್ದು. ಇದರ ಪ್ರಕಾರ ಪ್ರತಿಸ್ಪರ್ಧಿ ಕಂಪನಿಯೂ ಭಾಗೀದಾರ, ಪತ್ರಿಕಾವರದಿಗಾರನೂ ಭಾಗೀದಾರ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಮೇಲೆ, ಯಾರು ಗಟ್ಟಿಯಾಗಿ ಕೂಗುತ್ತಾರೋ ಅವರಿಗೆ ಮೊದಲು ಬಡಿಸುವುದು ಲೋಕರೂಢಿ. ಇಂದು ‘ಭಾಗೀದಾರರ ಸಭೆ’ಯೆಂದು ನಗರದ ಹೋಟೆಲುಗಳಲ್ಲಿ ನಡೆಯುವ ಕೂಟಗಳಲ್ಲಿ ಅಧಿಕಾರಿಗಳೂ ಸಲಹೆಗಾರರೂ ಕಿಕ್ಕಿರಿದಿದ್ದು, ಕಾರ್ಖಾನೆಯ ಕೆಳಗಿನ ಊರಿನ ರೈತನೊಬ್ಬನೂ ಕಾಣದಿರುವುದಕ್ಕೆ ಈ ಸಡಿಲಿಕೆಯೇ ಕಾರಣ.

ಈ ಪಂಕ್ತಿಯಲ್ಲಿ ಮೊದಲು ಬಡಿಸಬೇಕಾದವನನ್ನು ಗುರುತಿಸಲು ನನಗೆ ತೋರುವ ಲಕ್ಷಣ ಬೇರೆ: ಬಿಟ್ಟುಹೋಗಲಾರದವನು. ಷೇರುದಾರನು ಕಂಪನಿಯ ನಡತೆ ಸರಿಯಿಲ್ಲವೆನಿಸಿದರೆ ಬೆಳಗ್ಗೆ ಷೇರು ಮಾರಿ ಮಧ್ಯಾಹ್ನದೊಳಗೆ ನಿಶ್ಚಿಂತನಾಗಬಹುದು. ಗಿರಾಕಿಯು ಬೇರೆ ಅಂಗಡಿಗೆ ಹೋಗಬಹುದು. ನೌಕರನು ಬಹು ಕಷ್ಟದಿಂದ ಬೇರೆ ಕೆಲಸ ಹುಡುಕಿಕೊಳ್ಳಬಹುದು. ನದಿಯ ಕೆಳದಂಡೆಯವನಾದರೋ ತನ್ನ ನದಿಯನ್ನು ಮಾರಿ ಬೇರೊಂದು ನದಿಯನ್ನು ಕೊಳ್ಳಲಾರನು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ವಸತಿಗಳಲ್ಲಿ ವಿಷಾನಿಲವನ್ನು ಉಸಿರಾಡಿ ಸತ್ತವರಲ್ಲಿ ಹೆಚ್ಚಿನವರು ಯೂನಿಯನ್ ಕಾರ್ಬೈಡಿನೊಂದಿಗೆ ಯಾವ ಕರಾರನ್ನೂ ಮಾಡಿಕೊಂಡಿರಲಿಲ್ಲ. ಹತ್ತಿರದಲ್ಲಿ ಮಲಗಿದ್ದರು, ಅಷ್ಟೆ.

ನಮ್ಮ ನಾಡಿನದೇ ಒಂದು ಪ್ರಕರಣದಲ್ಲಿ ಇದು ಇನ್ನೂ ವಿಶದವಾಗಿದೆ. ಅದೇ 1984ರಲ್ಲಿ ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್‌ನೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಸರ್ಕಾರದ ಪಾಲು ನೂರಕ್ಕೆ 51, ಉದ್ಯಮದ್ದು 49. ರೇಯಾನಿಗೆ ಬೇಕಾದ ಮರದ ತಿರುಳಿಗಾಗಿ ನೀಲಗಿರಿಯನ್ನು ಬೆಳೆಯಲು ಸುಮಾರು 75,000 ಎಕರೆಗಳಷ್ಟು ಭೂಮಿಯನ್ನು ಕೊಡುವುದೆಂದು ಒಪ್ಪಂದ. ಕಾಗದದಲ್ಲಿ ಅದು ‘ಸಿ ಮತ್ತು ಡಿ ವರ್ಗದ ಜಮೀನು’. ಎಂದರೆ ಯಾರದೂ ಅಲ್ಲದ ಬರಡು. ಊರಿನವರ ಬದುಕಿನಲ್ಲಿ ಅದು ದನ ಮೇಯುವ ಮಾಳ, ಒಲೆಗೆ ಪುಳ್ಳೆ ಆರಿಸುವ ಜಾಗ, ನೇಗಿಲಿಗೆ ಮರವನ್ನೂ ಕೊಟ್ಟಿಗೆಗೆ ಸೊಪ್ಪನ್ನೂ ತರುವ ಗುಡ್ಡ. ಎರಡು ಪಕ್ಷಗಳು ಸಹಿ ಹಾಕಿದ ಆ ಒಪ್ಪಂದದಲ್ಲಿ ಸಕಲವೂ ಕ್ರಮಬದ್ಧವಾಗಿತ್ತು. ಆದರೆ ಆ ಭೂಮಿಯನ್ನು ಬಿಟ್ಟು ಹೋಗಲಾರದ ಮೂರನೆಯ ಪಕ್ಷ ಅದರಲ್ಲಿ ಇರಲೇ ಇಲ್ಲ. ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯು ಹೋರಾಟಕ್ಕೆ ಇಳಿಯಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಸೇರಿದ್ದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. ಕೀಳುವುದು ಮಾತ್ರವೇ ಆಗಿದ್ದರೆ ಅದನ್ನು ವಿಧ್ವಂಸವೆನ್ನಬಹುದಾಗಿತ್ತು. ಹಚ್ಚಿದ್ದರಿಂದ ಅದು ವಾದವಾಯಿತು. ಈ ಭೂಮಿಗೆ ಬಳಕೆಯಿದೆ, ಬಳಸುವವರಿದ್ದಾರೆ, ನಿಮ್ಮ ಕರಾರಿನಲ್ಲಿ ನಮ್ಮ ಹೆಸರು ಬಿಟ್ಟುಹೋಗಿದೆ ಎಂದು ಆ ಜನ ಸಸಿಗಳ ಮೂಲಕ ಹೇಳಿದರು. ಭಾಗೀದಾರ ಸಿದ್ಧಾಂತದ ಬಗ್ಗೆ ಬಂದಿರುವ ಎಷ್ಟೋ ಗ್ರಂಥಗಳಿಗಿಂತ ಈ ಒಂದು ಕ್ರಿಯೆಯಲ್ಲಿ ಆ ಸಿದ್ಧಾಂತ ಹೆಚ್ಚು ಸ್ಪಷ್ಟವಾಗಿದೆಯೆಂದು ನನ್ನ ಭಾವನೆ.

ಇದಕ್ಕೆಲ್ಲ ಎದುರುವಾದಿ ಮಿಲ್ಟನ್ ಫ್ರೀಡ್‌ಮನ್. 1970ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಜಿನ್ನಿನಲ್ಲಿ ಅವನು ಬರೆದ ಲೇಖನವು, ಲಾಭವನ್ನು ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆಯೆಂದು ತಲೆಬರಹದಲ್ಲಿಯೇ ಸಾರಿತು; ಆರು ವರ್ಷಗಳ ಬಳಿಕ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಬಂದುದರಿಂದ ಆ ಲೇಖನಕ್ಕೆ ಸ್ಮೃತಿಯ ಪ್ರಾಮಾಣ್ಯ ದೊರೆತಿದೆ. ಅವನ ವಾದ ಇಷ್ಟು: ಕಂಪನಿಯ ಆಡಳಿತಗಾರನು ಷೇರುದಾರರ ಗುಮಾಸ್ತ, ಧಣಿಯ ಹಣವನ್ನು ತನಗೆ ಇಷ್ಟವಾದ ಸತ್ಕಾರ್ಯಕ್ಕೆ ಕೊಡುವ ಗುಮಾಸ್ತನು, ಯಾರೂ ಚುನಾಯಿಸದೆಯೇ ತೆರಿಗೆ ವಿಧಿಸುವ ಅಧಿಕಾರವನ್ನು ಅಪಹರಿಸಿದಂತಾಯಿತು. ಈ ಮನುಷ್ಯನ ತರ್ಕದ ಹರಿತವನ್ನು ಮೆಚ್ಚಲೇಬೇಕು. ಅವನ ಮನೋಧರ್ಮವನ್ನು ಮೆಚ್ಚುವುದು ನನ್ನಿಂದಾಗದು. ಆದರೆ ಆ ಬಾಣ ತಗಲುವುದು ಯಾವುದಕ್ಕೆ? ದಾನಕ್ಕೆ ಮಾತ್ರ. ಧಣಿಯ ಹಣವನ್ನು ದಾನ ಮಾಡಲು ಗುಮಾಸ್ತನಿಗೆ ಅಧಿಕಾರವಿಲ್ಲ, ಒಪ್ಪಿದೆ. ಧಣಿಯ ಸಾಲವನ್ನು ತೀರಿಸದೆ ಇರಲು ಅವನಿಗೆ ಅಧಿಕಾರವೆಲ್ಲಿಂದ ಬಂತು? ಋಣವನ್ನು ಮುಚ್ಚಿಟ್ಟು ಲಾಭವನ್ನು ದೊಡ್ಡದು ಮಾಡಿ ತೋರಿಸುವ ಗುಮಾಸ್ತನನ್ನು ಯಾವ ಊರಿನ ವರ್ತಕರೂ ಪ್ರಾಮಾಣಿಕನೆಂದು ಕರೆಯುವುದಿಲ್ಲ. ಫ್ರೀಡ್‌ಮನ್ ತಾನೇ, ಲಾಭವನ್ನು ಅರಸುವಾಗ ಸಮಾಜದ ಕಾನೂನನ್ನೂ ನೈತಿಕ ಸಂಪ್ರದಾಯವನ್ನೂ ಮೀರಬಾರದೆಂದು ಒಂದು ಷರತ್ತನ್ನು ಹಾಕಿ, ಅದನ್ನು ವಿವರಿಸದೆ ಮುಂದೆ ಸಾಗಿಬಿಟ್ಟನು. ಚರ್ಚೆಯಾಗಬೇಕಾದುದೆಲ್ಲವೂ ಆ ಷರತ್ತಿನೊಳಗೇ ಇದೆ.

ಅವನ ಅನುಯಾಯಿಗಳು ಇನ್ನೊಂದು ಸಮರ್ಥನೆಯನ್ನು ತರುತ್ತಾರೆ. ಎಲ್ಲರಿಗೂ ಕೊಟ್ಟು ಉಳಿದದ್ದು ಷೇರುದಾರನಿಗೆ, ನಷ್ಟವಾದರೆ ಮೊದಲು ಮುಳುಗುವವನೂ ಅವನೇ, ಅಪಾಯ ಹೊತ್ತವನಿಗೆ ಪ್ರಾಶಸ್ತ್ಯ ಸಲ್ಲಬೇಕೆಂದು. ನಮ್ಮ 2016ರ ದಿವಾಳಿ ಸಂಹಿತೆಯಲ್ಲಿಯೂ ಹಂಚಿಕೆಯ ಕೊನೆಯ ಸ್ಥಾನ ಷೇರುದಾರನದೆಂಬುದು ದಿಟ. ಆದರೆ ಅವನ ಅಪಾಯಕ್ಕೆ ಕಾನೂನೇ ಒಂದು ತಳ ಕಟ್ಟಿಕೊಟ್ಟಿದೆ. ಹತ್ತು ಸಾವಿರ ರೂಪಾಯಿ ಕೊಟ್ಟು ಷೇರು ಕೊಂಡವನು ಹತ್ತು ಸಾವಿರವನ್ನು ಕಳೆದುಕೊಂಡಾನು. ಕಂಪನಿಯ ಪಾಪಕ್ಕಾಗಿ ಅವನ ಮನೆಯನ್ನಾಗಲಿ ಹೊಲವನ್ನಾಗಲಿ ಯಾರೂ ಜಪ್ತಿ ಮಾಡುವಂತಿಲ್ಲ. ಹೊಣೆಯನ್ನು ಹೀಗೆ ಮಿತಗೊಳಿಸಿದ್ದು ಪ್ರಕೃತಿಯ ನಿಯಮವಲ್ಲ, ಸಮಾಜವು ಶಾಸನದ ಮೂಲಕ ಕೊಟ್ಟ ವರ. ಷೇರುದಾರನಿಗೆ ತಗಲದಂತೆ ತಡೆದ ನಷ್ಟವು ಆವಿಯಾಗಿ ಹೋಗುವುದಿಲ್ಲ. ತಳವಿಲ್ಲದ ಅಪಾಯದಲ್ಲಿರುವವನ ಮೇಲೆ, ಎಂದರೆ ಬಿಟ್ಟುಹೋಗಲಾರದವನ ಮೇಲೆ, ಅದು ಬೀಳುತ್ತದೆ. ಆದುದರಿಂದ ಅಪಾಯ ಹೊತ್ತವನಿಗೆ ಪ್ರಾಶಸ್ತ್ಯವೆಂಬ ಸೂತ್ರವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಅದು ಕೊಂಡೊಯ್ಯುವುದು ಷೇರುಪೇಟೆಗಲ್ಲ, ಕುಸನೂರಿಗೆ.

ಗಾಂಧೀಜಿಯವರ ಧರ್ಮದರ್ಶಿತ್ವದ ಕಲ್ಪನೆಯನ್ನು ಇಲ್ಲಿ ಹಲವರು ಮುಂದಿಡುತ್ತಾರೆ. ಸಂಪತ್ತುಳ್ಳವನು ತಾನು ಅದರ ಒಡೆಯನಲ್ಲ, ಪಾಲಕನೆಂದು ಭಾವಿಸಬೇಕೆಂಬ ಆ ಆದರ್ಶ ದೊಡ್ಡದು. ಆದರೆ ದೇವಸ್ಥಾನದ ಧರ್ಮದರ್ಶಿಯ ಮೇಲೂ ಲೆಕ್ಕ ಕೇಳುವವರು ಇರುತ್ತಾರೆ. ಕೇಳುವವರಿಲ್ಲದ ಪಾಲಕನು ಸ್ವಲ್ಪಕಾಲದಲ್ಲಿಯೇ ಒಡೆಯನಾಗುವನು. ಆಶ್ಚರ್ಯವೆಂದರೆ, ಕೇಳುವುದಕ್ಕೆ ಬೇಕಾದ ಆಧಾರ ನಮ್ಮ ಅದೇ ಕಂಪನಿಗಳ ಅಧಿನಿಯಮದಲ್ಲಿದೆ. 166ನೆಯ ಪ್ರಕರಣದ ಎರಡನೆಯ ಉಪಪ್ರಕರಣವು, ನಿರ್ದೇಶಕನು ಸದ್ಭಾವದಿಂದ ಕಂಪನಿಯ, ನೌಕರರ, ಷೇರುದಾರರ, ಸಮುದಾಯದ ಹಿತಕ್ಕಾಗಿಯೂ ಪರಿಸರದ ರಕ್ಷಣೆಗಾಗಿಯೂ ವರ್ತಿಸತಕ್ಕದ್ದೆಂದು ವಿಧಿಸುತ್ತದೆ. ಇಲ್ಲಿ ಶೇಕಡಾವಾರು ಇಲ್ಲ, ಲಾಭ ಬಂದ ಮೇಲೆ ಎಂಬ ಷರತ್ತಿಲ್ಲ. ನಿರ್ಣಯ ಕೈಗೊಳ್ಳುವ ಗಳಿಗೆಯಲ್ಲಿಯೇ ಕರ್ತವ್ಯವಿದೆ. 135ಕ್ಕೆ ಸಮಾರಂಭಗಳಾಗುತ್ತವೆ, 166ರ ಹೆಸರನ್ನು ವಕೀಲರಲ್ಲದವರು ಕೇಳಿಯೂ ಇಲ್ಲ.

ಹಲವು ಧಣಿಗಳಿಗೆ ದುಡಿಯುವವನು ಯಾರಿಗೂ ದುಡಿಯನೆಂಬ ಆಕ್ಷೇಪ ಒಂದು ಉಳಿದಿದೆ. ಋಣಗಳು ಹಲವಿದ್ದರೆ ಅವುಗಳನ್ನು ಕ್ರಮವಾಗಿ ತೀರಿಸುವ ವಿದ್ಯೆ ವ್ಯಾಪಾರಿಗಳಿಗೆ ಹೊಸದಲ್ಲವೆಂಬುದೇ ಅದಕ್ಕೆ ಸಾಕಾದ ಉತ್ತರ. ಮೇಲೆ ಹೇಳಿದ ದಿವಾಳಿ ಸಂಹಿತೆಯೇ ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನದ ಮೇಲೆ ಸಾಲ ಕೊಟ್ಟವರ ಸಮಾನಕ್ಕೆ ಇರಿಸಿದೆ.

ಈ ತತ್ತ್ವವನ್ನು ಬಳಕೆಗೆ ತರಬಯಸುವ ಸಾಮಾನ್ಯ ಓದುಗನಿಗೆ ಈಗ ಒಂದು ಸಾಧನವೂ ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು ಹೊಣೆಗಾರಿಕೆ ಹಾಗೂ ಸುಸ್ಥಿರತೆಯ ವರದಿಯನ್ನು ಸಲ್ಲಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2022-23ರಿಂದ ಕಡ್ಡಾಯ ಮಾಡಿದೆ. ಬಳಸಿದ ನೀರೆಷ್ಟು, ಹೊರಬಿಟ್ಟ ನೀರು ಎಲ್ಲಿಗೆ ಹೋಯಿತು, ಎಷ್ಟರಮಟ್ಟಿಗೆ ಶುದ್ಧೀಕರಿಸಲಾಗಿತ್ತು, ಕನಿಷ್ಠ ವೇತನದಲ್ಲಿಯೇ ನಿಂತಿರುವ ಕೆಲಸಗಾರರೆಷ್ಟು, ಸುತ್ತಲಿನ ಜನರಿಂದ ಬಂದ ದೂರುಗಳೆಷ್ಟು, ತೀರ್ಮಾನವಾಗದೆ ಉಳಿದವೆಷ್ಟು ಎಂಬುದೆಲ್ಲ ಅದರಲ್ಲಿ ಕೋಷ್ಟಕಗಳಾಗಿ ಬರುತ್ತವೆ. ನಗುವ ಮಕ್ಕಳ ಚಿತ್ರಗಳಿರುವ ಪುಟಗಳನ್ನು ದಾಟಿ ಆ ಕೋಷ್ಟಕಗಳಿಗೆ ಬರತಕ್ಕದ್ದು. ಅಲ್ಲಿ ತನ್ನ ಊರಿನ ಹಳ್ಳದ ಸ್ಥಿತಿಗೂ ಬರೆದಿರುವ ಅಂಕಿಗೂ ಹೊಂದಿಕೆ ಕಾಣದಿದ್ದರೆ, ಕಾರಣ ಕೇಳತಕ್ಕದ್ದು. ಹಾಗೆ ಕೇಳಲು ಷೇರು ಕೊಂಡಿರಬೇಕಾದ ಅಗತ್ಯವಿಲ್ಲವೆಂಬುದೇ ಭಾಗೀದಾರನೆಂಬ ಪರಿಕಲ್ಪನೆಯ ತಾತ್ಪರ್ಯ.